ಸ್ತ್ರೀಯರ ಮೂತ್ರಸೋರಿಕೆಗೆ ವ್ಯಾಯಾಮ ಚಿಕಿತ್ಸೆ

ಮಹಾಲಿನ ಹಳೆಯ ವಾಡೆಗಳ ಕಡಿದಾದ ಮೆಟ್ಟಿಲನ್ನು ಹತ್ತುವಾಗ, ಬುಧವಾರ ಬಜಾರಿನಿಂದ ತರಕಾರಿಯ ಚೀಲವನ್ನು ಎತ್ತಿ ತರುವಾಗ, ಕೆಮ್ಮಿದಾಗ, ಸೀನಿದಾಗ, ಮನಸಾರೆ ನಕ್ಕಾಗ ಒಂದೆರಡು ಹನಿ ಮೂತ್ರವು ಹಿಡಿತ ತಪ್ಪಿ ಸೋರುವ ತೊಂದರೆ ಅನೇಕ ಸ್ತ್ರೀಯರಿಗೆ ಇದೆ. ಆದರೆ ಬಾಯಿಬಿಟ್ಟು ಹೇಳುವವರು ವಿರಳ. ಅರಿಶಿನ-ಕುಂಕುಮಕ್ಕೆ ಕರೆದರೆ ನೆಪ ಹೇಳುತ್ತಾರೆ; ಊರಿಗೆ ಹೋಗುವ ರೈಲಿನಲ್ಲಿ ಬಾಯಾರಿದರೂ ನೀರು ಕುಡಿಯುವುದಿಲ್ಲ. ತವರಿನ ಸಮೀಪದಲ್ಲಿದ್ದರೆ ಅಕ್ಕನ ಬಳಿಯಾದರೂ ಹೇಳಿಕೊಳ್ಳಬಹುದಿತ್ತು. ಪರಭಾಷೆಯ ಊರಿನಲ್ಲಿ ವೈದ್ಯರ ಮುಂದೆ ಯಾವ ಮಾತಿನಲ್ಲಿ ಹೇಳುವುದೆಂಬ ಸಂಕೋಚವೂ ಇದಕ್ಕೆ ಕೂಡಿಕೊಳ್ಳುತ್ತದೆ. 'ಖೋಕತಾನಾ ಲಘವೀ ಗಳತೇ', ಅಂದರೆ ಕೆಮ್ಮುವಾಗ ಮೂತ್ರ ಸೋರುತ್ತದೆ, ಎಂಬ ಮರಾಠಿಯ ಮೂರೇ ಮಾತುಗಳು ಸಾಕು. ಮುಂದಿನದನ್ನು ವೈದ್ಯರೇ ಕೇಳುತ್ತಾರೆ.

ಹೆತ್ತವಳಿಗೆ, ವಯಸ್ಸಾದವಳಿಗೆ ಇದು ಸಹಜವೆಂದು ಸುಮ್ಮನಿರುವುದು ಸರಿಯಲ್ಲ. ಸಾಮಾನ್ಯವಾಗಿ ಕಾಣುವುದೆಲ್ಲ ಸಹಿಸಿಕೊಳ್ಳತಕ್ಕದ್ದೇನೂ ಅಲ್ಲ.

ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲದ ಮೂಳೆಯವರೆಗೆ ಸೊಂಟದ ಕುಳಿಯ ತಳದಲ್ಲಿ ಸ್ನಾಯುಗಳು ಹಾಸಿಕೊಂಡಿವೆ. ಇವನ್ನು ಶ್ರೋಣಿತಳದ ಸ್ನಾಯುಗಳೆನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಇವು ಮಂಚದ ನುಲಿಯಂತೆ ಆಧಾರ. ನುಲಿ ಜಗ್ಗಿದರೆ ಮಲಗಿದವರು ಕೆಳಗಿಳಿಯುವಂತೆ, ಹೆರಿಗೆ, ಸ್ಥೂಲಕಾಯ, ಬಹುಕಾಲದ ಕೆಮ್ಮು, ಮಲಬದ್ಧತೆ ಇತ್ಯಾದಿಗಳಿಂದ ಈ ಹಾಸು ಸಡಿಲಗೊಂಡಾಗ ಮೂತ್ರನಾಳಕ್ಕೆ ಬಿಗಿಯಾದ ಆಸರೆ ತಪ್ಪುತ್ತದೆ. ಕೆಮ್ಮಿದೊಡನೆ ಹೊಟ್ಟೆಯೊಳಗಿನ ಒತ್ತಡ ಏರಿ ಮೂತ್ರ ಜಾರುತ್ತದೆ. ಮುಟ್ಟು ನಿಂತ ಮೇಲೆ ಆ ಭಾಗದ ಅಂಗಾಂಶಗಳು ತೆಳುವಾಗುವುದೂ ಇದಕ್ಕೆ ಸೇರುತ್ತದೆ.

ಸ್ನಾಯು ಸಡಿಲವಾದರೆ ಅದನ್ನು ಪಳಗಿಸಿ ಬಲಪಡಿಸಬಹುದು. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮವನ್ನು ಶಾಸ್ತ್ರೀಯವಾಗಿ ಪ್ರಕಟಿಸಿದರು. ಸ್ನಾಯುವಿನ ಹಿಡಿತವನ್ನು ಅಳೆಯುವ ಸಾಧನವನ್ನೂ ಬಳಕೆಗೆ ತಂದರು. ನಮ್ಮ ಹಠಯೋಗದ ಮೂಲಬಂಧವನ್ನು ಬಲ್ಲವರಿಗೆ ಈ ಸಂಕೋಚನ ಹೊಸದೆನಿಸದು, ಆದರೆ ಅಲ್ಲಿಯ ಉದ್ದೇಶ ಬೇರೆ, ಇಲ್ಲಿಯ ಉದ್ದೇಶ ಬೇರೆ. ಬ್ರಿಟನ್ನಿನ 'ನೈಸ್' ಸಂಸ್ಥೆಯ 2019ರ ಮಾರ್ಗಸೂಚಿಯು ಇಂಥ ಸೋರಿಕೆಗೆ ಮೊದಲ ಚಿಕಿತ್ಸೆಯಾಗಿ ತಜ್ಞರ ಮೇಲ್ವಿಚಾರಣೆಯಲ್ಲಿ ಕನಿಷ್ಠ 3 ತಿಂಗಳ ವ್ಯಾಯಾಮವನ್ನು ಹೇಳುತ್ತದೆ. ಶಸ್ತ್ರಚಿಕಿತ್ಸೆಯ ವಿಚಾರ ಅನಂತರದ್ದು.

ಮಾಡುವ ವಿಧಾನ ಹೀಗೆ. ಮೊಣಕಾಲು ಮಡಚಿ ಅಂಗಾತ ಮಲಗಬೇಕು. ಅಪಾನವಾಯುವನ್ನೂ ಮೂತ್ರವನ್ನೂ ಒಟ್ಟಿಗೆ ತಡೆಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಸೆಳೆಯಬೇಕು. ಹೊಟ್ಟೆಯ ಮೇಲ್ಭಾಗ, ತೊಡೆ, ಪೃಷ್ಠಗಳು ಸಡಿಲವಾಗಿರಲಿ. ಉಸಿರು ಎಂದಿನಂತೆ ಆಡಲಿ. ಮೊದಮೊದಲು 3 ಎಣಿಸುವಷ್ಟು ಕಾಲ ಹಿಡಿದರೆ ಸಾಕು. ಕ್ರಮೇಣ 10ರವರೆಗೆ ಏರಿಸಬಹುದು. ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡುವುದೂ ವ್ಯಾಯಾಮದ ಭಾಗವೇ. ಒಂದು ಸಲಕ್ಕೆ 8 ಬಾರಿಯಂತೆ ದಿನಕ್ಕೆ 3 ಸಲ. ಅಭ್ಯಾಸವಾದ ಮೇಲೆ ಅಕ್ಕಿ ಆರಿಸುತ್ತಾ ಕುಳಿತಿದ್ದಾಗಲೂ, ಬಸ್ಸಿಗಾಗಿ ನಿಂತಿದ್ದಾಗಲೂ ಮಾಡಬಹುದು. ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ.

ಹೇಳಲು ಸುಲಭವಾದರೂ ಎಡವುವುದು ಇಲ್ಲಿಯೇ. ಬಾಯಿಮಾತಿನಲ್ಲಿ ಕಲಿತ ಅನೇಕರು ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ತಿಣುಕುತ್ತಾರೆ. ಅದರಿಂದ ತೊಂದರೆ ಹೆಚ್ಚೀತು. ಆದುದರಿಂದ ಒಮ್ಮೆಯಾದರೂ ತಿಳಿದ ಫಿಜಿಯೋಥೆರಪಿಸ್ಟರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಕೆಲವರಲ್ಲಿ ಈ ಸ್ನಾಯುಗಳು ಸಡಿಲವಾಗಿರದೆ ಬಿಗಿದುಕೊಂಡು ನೋಯುತ್ತಿರುವುದೂ ಉಂಟು. ಅವರಿಗೆ ಮೊದಲು ಸಡಿಲಿಸುವ ಪಾಠ ಬೇಕು. ಮೂತ್ರ ಮಾಡುವಾಗ ನಡುವೆ ತಡೆತಡೆದು ಅಭ್ಯಾಸ ಮಾಡುವ ಪದ್ಧತಿಯನ್ನು ಕೈಬಿಡಬೇಕು. ಅದರಿಂದ ಮೂತ್ರಕೋಶ ಪೂರ್ತಿ ಬರಿದಾಗದೆ ಉಳಿಯಬಹುದು.

ಕೆಮ್ಮು ಬರುವ ಮುನ್ನವೇ ಆ ಸ್ನಾಯುವನ್ನು ಬಿಗಿಹಿಡಿಯುವುದು ಇನ್ನೊಂದು ಉಪಾಯ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇದನ್ನು ಕಲಿತ ಸ್ತ್ರೀಯರಿಗೆ ವಾರದೊಳಗೇ ಸೋರಿಕೆ ತಗ್ಗಿದ್ದು ಕಂಡುಬಂತು. ಸ್ನಾಯುವಿಗೆ ಬಲ ಬರಲು ಮಾತ್ರ ತಿಂಗಳುಗಳೇ ಬೇಕು. ಹದಿನೈದು ದಿನ ಮಾಡಿ ಫಲವಿಲ್ಲವೆಂದು ಬಿಡುವವರೇ ಹೆಚ್ಚು.

ಕೆಲವರಿಗೆ ಕೆಮ್ಮಿಲ್ಲದೆಯೂ ತಟ್ಟನೆ ತಡೆಯಲಾರದ ಅವಸರವಾಗಿ, ಬಚ್ಚಲು ಮುಟ್ಟುವಷ್ಟರಲ್ಲಿ ಸೋರುತ್ತದೆ. ಇಂಥವರು ಹೋಗಿಬರುವ ಅವಧಿಯನ್ನು ಸ್ವಲ್ಪ ಸ್ವಲ್ಪವಾಗಿ ಹಿಗ್ಗಿಸುತ್ತಾ ಮೂತ್ರಕೋಶವನ್ನು ಪಳಗಿಸಬೇಕು. ಚಹಾ-ಕಾಫಿಯನ್ನು ಕಡಿಮೆ ಮಾಡಿದರೆ ಅನುಕೂಲ. ನೀರನ್ನೇ ಬಿಡುವುದು ಮಾತ್ರ ಸಲ್ಲದು. ನಾಗಪುರದ ಮೇ ತಿಂಗಳಿನಲ್ಲಿ ಉಷ್ಣತೆ 45 ಡಿಗ್ರಿಗೂ ಏರುವುದುಂಟು. ಆಗ ನೀರು ಕುಡಿಯದಿದ್ದರೆ ಗಾಢವಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲ ಗಟ್ಟಿಯಾಗುತ್ತದೆ, ತಿಣುಕುವುದರಿಂದ ಸ್ನಾಯು ಮತ್ತಷ್ಟು ಸಡಿಲವಾಗುತ್ತದೆ.

ಮೂತ್ರದಲ್ಲಿ ರಕ್ತ, ಉರಿಯೊಡನೆ ಜ್ವರ, ಹೆರಿಗೆಯ ನಂತರ ಹಗಲಿರುಳೂ ನಿಲ್ಲದ ಸೋರಿಕೆ, ಯೋನಿದ್ವಾರದಲ್ಲಿ ಗಂಟಿನಂತೆ ಏನೋ ಇಳಿದ ಅನುಭವ ಇದ್ದರೆ ವ್ಯಾಯಾಮವನ್ನು ನೆಚ್ಚಿ ಕುಳಿತಿರದೆ ವೈದ್ಯರನ್ನು ಕಾಣಬೇಕು. ಕಾಲು ಅಥವಾ ಗುಹ್ಯಭಾಗ ಇದ್ದಕ್ಕಿದ್ದಂತೆ ಮರಗಟ್ಟಿ ಮೂತ್ರದ ಹಿಡಿತ ತಪ್ಪಿದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮಧುಮೇಹವಿದೆಯೇ ಎಂಬ ಪರೀಕ್ಷೆಯೂ ಆಗಲಿ. ಮಹಾಲಿನವರಿಗೆ ಡಾಗಾ ಸ್ಮಾರಕ ಸ್ತ್ರೀ ಆಸ್ಪತ್ರೆ ದೂರವಲ್ಲ. 1947ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸ್ತ್ರೀರೋಗ ಹಾಗೂ ಫಿಜಿಯೋಥೆರಪಿ ವಿಭಾಗಗಳೆರಡೂ ಇವೆ. ಹೋಗುವ ಮುನ್ನ ಮೂರು ದಿನ, ಎಷ್ಟು ಸಲ ಮೂತ್ರಕ್ಕೆ ಹೋದದ್ದು, ಯಾವಾಗ ಸೋರಿದ್ದು, ಎಷ್ಟು ಕುಡಿದದ್ದು ಎಂಬುದನ್ನು ಹಾಳೆಯಲ್ಲಿ ಬರೆದಿಟ್ಟು ಒಯ್ದರೆ ವೈದ್ಯರ ಅರ್ಧ ಪ್ರಶ್ನೆಗಳಿಗೆ ಅದರಲ್ಲೇ ಉತ್ತರ ಸಿಗುತ್ತದೆ.