ಷೆಡ್ಡಿಗೂ ಮೊದಲು ಹತ್ತು ಚೀಲ

ಐರಣಿಯ ನನ್ನ ಹೊಲ ಮಳಿ ನಂಬಿದ್ದು. ಮಳಿ ಕೈಕೊಟ್ಟ ವರ್ಷ, ಮನಿಯೊಳಗೇ ಚಿಪ್ಪಣಬೆ ಬೆಳೆದರೆ ಹೆಂಗ ಅನ್ನಿಸಿತು. ಷೆಡ್ಡು ಕಟ್ಟಲು ಬಂಗಾರ ಅಡವಿಡಬೇಕಿತ್ತು. "ಮೊದಲು ಹತ್ತು ಚೀಲ ಮಾಡಿ ನೋಡ್ರಿ" ಅಂದಳು ಮನೆಯಾಕೆ.

ಶುರು ಮಾಡುವ ಮೊದಲೇ ಕ್ಯಾಲೆಂಡರಿನ ಹಿಂದೆ ಮೂರು ಪ್ರಶ್ನೆ ಬರೆದೆ. ಬೆಳೆ ನಮ್ಮ ಕೈಗೆ ಬಗ್ಗುತ್ತದೆಯೇ? ವಾರಕ್ಕೆ 20 ಕಿಲೋ ಕೊಳ್ಳುವವರಿದ್ದಾರೆಯೇ? ಬೇಸಿಗೆಯಲ್ಲೂ ಬರುತ್ತದೆಯೇ? ಮೂರಕ್ಕೂ ಹೌದು ಎಂದರಷ್ಟೇ ಷೆಡ್ಡು.

ಭತ್ತದ ಹುಲ್ಲು ಕತ್ತರಿಸಿ, ರಾತ್ರಿ ನೆನೆಸಿ, ಒಂದು ತಾಸು ಬೇಯಿಸಿ, ಹಿಂಡಿದರೆ ನೀರು ತೊಟ್ಟಿಕ್ಕದಂತೆ ಆರಿಸಿದೆವು. ಪದರಪದರವಾಗಿ ಅಣಬೆಬೀಜ ಹಾಕಿ, ಚೀಲಕ್ಕೆ ಒಂದು ಕಿಲೋ ಒಣಹುಲ್ಲಿನ ಲೆಕ್ಕದಲ್ಲಿ ತುಂಬಿದೆವು. ಕತ್ತಲೆ ಕೋಣೆಯಲ್ಲಿ 20 ದಿನಕ್ಕೆ ಹುಲ್ಲು ಬೆಳ್ಳಗಾಯಿತು. ಎರಡು ಚೀಲಕ್ಕೆ ಹಸಿರು ಬೂಷ್ಟು ಬಂತು. ಉಳಿದ ಎಂಟರಲ್ಲಿ 5 ಕಿಲೋ ಅಣಬೆ ಸಿಕ್ಕಿತು. ಮೊದಲ ಪ್ರಶ್ನೆಗೆ ಹೌದು.

ರಾಣೆಬೆನ್ನೂರಿನ ಎರಡು ಖಾನಾವಳಿಯವರು ವಾರಕ್ಕೆ 3 ಕಿಲೋ ಸಾಕೆಂದರು. ಹಸಿ ಅಣಬೆ ಬೇಗ ಬಾಡುತ್ತದೆ, ಇಟ್ಟು ಮಾರುವಂತಿಲ್ಲ. ಏಪ್ರಿಲ್‌ನಲ್ಲಿ ಒದ್ದೆ ಗೋಣಿ ಕಟ್ಟಿದರೂ ತಗಡಿನ ಕೆಳಗೆ ಅಣಬೆ ಏಳಲಿಲ್ಲ. ಅದಕ್ಕೆ 25 ಡಿಗ್ರಿ ಆಸುಪಾಸಿನ ತಂಪು ಬೇಕು.

ಷೆಡ್ಡು ಬಿಟ್ಟೆ. ಮಳೆಗಾಲ, ಚಳಿಗಾಲದಲ್ಲಿ ಹಿತ್ತಲ ಕೋಣೆಯಲ್ಲಿ ವಾರಕ್ಕೆ ಐದು ಚೀಲ ಕಟ್ಟುತ್ತೇವೆ. ಬಂಗಾರ ಮನಿಯಲ್ಲೇ ಇದೆ.

ಹೊಸದು ಮಾಡುವವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿರಿ. ಆದರೆ ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಮೊದಲೇ ಬರೆದಿಡಿರಿ. ಆಸೆ ಹತ್ತಿದ ಮೇಲೆ ಲೆಕ್ಕ ನಮ್ಮ ಕಡೆಗೇ ವಾಲುತ್ತದೆ.