ಮಾರ್ದನಿಗೆ ಬೆಳಗುವ ದೀಪ

ಕುಶಾಲನಗರದಿಂದ ಉತ್ತರಕ್ಕೆ, ಕೊಡಗು ಜಿಲ್ಲೆಯ ಗಡಿಯಲ್ಲಿ, ಕಾವೇರಿ ನದಿಯ ದಡದಲ್ಲಿ ಶಿರಂಗಾಲ ಎಂಬ ಊರಿದೆ. ಇದರ ಮಗ್ಗುಲಲ್ಲಿ ಹರಿದುಹೋಗುವ ಕಾವೇರಿಯೇ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಸ್ವಿಚ್ಚನ್ನು ಒತ್ತಿದೊಡನೆ ಬೆಳಕಾಗುವುದು ಅಂದಿನವರಿಗೆ ಸೋಜಿಗವೇ ಸರಿ. ಆದರೆ ಕತ್ತಲೆಯಲ್ಲಿ ಸ್ವಿಚ್ಚನ್ನು ತಡಕುವ ಕಷ್ಟ ಉಳಿದೇ ಇತ್ತು. ರಾತ್ರಿ ಹಿಂಬಾಗಿಲಿನಿಂದ ಹಿತ್ತಲಿಗೆ ಇಳಿಯುವ ವೃದ್ಧರು ಮೆಟ್ಟಿಲು ಕಾಣದೆ ಎಡವಿ ಬೀಳುವುದುಂಟು. ಹಾಗೆಂದು ರಾತ್ರಿಯಿಡೀ ದೀಪವನ್ನು ಉರಿಸಿದರೆ ವಿದ್ಯುತ್ತು ವ್ಯರ್ಥವಾಗುತ್ತದೆ. ಮನುಷ್ಯನು ಹತ್ತಿರ ಬಂದಾಗ ತಾನಾಗಿಯೇ ಬೆಳಗಿ, ಹೋದ ಮೇಲೆ ತಾನಾಗಿಯೇ ಆರುವ ದೀಪವಿದ್ದರೆ ಎಷ್ಟು ಅನುಕೂಲ!

ಅಂತಹ ದೀಪದ ಗುಟ್ಟು ಬಾವಲಿಯ ಬದುಕಿನಲ್ಲಿದೆ. ಕಣ್ಣು ಕಾಣದ ಬಾವಲಿಯೂ ತಡೆಗಳನ್ನು ತಪ್ಪಿಸಿ ಹಾರಬಲ್ಲದು, ಕಿವಿ ಮುಚ್ಚಿದರೆ ಮಾತ್ರ ದಾರಿ ತಪ್ಪುತ್ತದೆ ಎಂಬುದು 1790ರ ದಶಕದಲ್ಲಿ ಇಟಲಿಯ ಸ್ಪಲ್ಲಾಂಜಾನಿಯ ಕಾಲದ ಪ್ರಯೋಗಗಳಿಂದ ತಿಳಿಯಿತು. ಇದರ ಕಾರಣವು 1938ರ ತರುವಾಯ ಅಮೆರಿಕದ ಡೊನಾಲ್ಡ್ ಗ್ರಿಫಿನ್ ಮತ್ತು ಅವರ ಸಂಗಡಿಗರ ಶೋಧನೆಗಳಿಂದ ಬಯಲಾಯಿತು. ಬಾವಲಿಯು ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ಶಬ್ದವನ್ನು ಹೊರಡಿಸಿ, ಅದರ ಮಾರ್ದನಿಯಿಂದ ಎದುರಿನ ವಸ್ತುವನ್ನು ಅರಿಯುತ್ತದೆ.

ದೂರವನ್ನು ಅಳೆಯುವ ಸಂವೇದಕವು ಮಾಡುವುದೂ ಇದನ್ನೇ. ಅದರ ಮುಖದಲ್ಲಿ ಎರಡು ಕಣ್ಣುಗಳಂತಹ ಭಾಗಗಳಿರುತ್ತವೆ. ಒಂದು ಸೆಕೆಂಡಿಗೆ 40,000 ಕಂಪನಗಳ ಶಬ್ದವನ್ನು ಕಳುಹಿಸುತ್ತದೆ. ಇನ್ನೊಂದು ಮಾರ್ದನಿಯನ್ನು ಸ್ವೀಕರಿಸುತ್ತದೆ. ತಂಪಾದ ರಾತ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಮಾರ್ದನಿಯು 0.006 ಸೆಕೆಂಡಿನಲ್ಲಿ ಮರಳಿತೆಂದರೆ ಶಬ್ದವು ಕ್ರಮಿಸಿದ ದೂರ 2.04 ಮೀಟರ್. ಹೋಗಿ ಬರುವ ದಾರಿಯಲ್ಲಿ ಅರ್ಧವನ್ನು ತೆಗೆದುಕೊಂಡರೆ ವಸ್ತುವು 1.02 ಮೀಟರ್ ದೂರದಲ್ಲಿದೆಯೆಂದು ತಿಳಿಯುತ್ತದೆ.

ಈ ಲೆಕ್ಕವನ್ನು ಮಾಡಿ ದೀಪಕ್ಕೆ ಆಜ್ಞೆ ಕೊಡುವುದು ಮೈಕ್ರೊಕಂಟ್ರೋಲರ್. ಗಣಿಸುವ ಭಾಗ, ನೆನಪಿನ ಭಾಗ, ಹೊರಗಿನೊಡನೆ ವ್ಯವಹರಿಸುವ ಭಾಗ ಇವೆಲ್ಲವೂ ಬೆರಳ ತುದಿಯಷ್ಟು ಚಿಕ್ಕ ಬಿಲ್ಲೆಯೊಂದರಲ್ಲಿ ಅಡಗಿರುವ ಗಣಕವಿದು. ವಿದ್ಯಾರ್ಥಿಗಳಿಗಾಗಿಯೇ 2005ರಲ್ಲಿ ಇಟಲಿಯಲ್ಲಿ ರೂಪುಗೊಂಡ ಆರ್ಡುಯಿನೊ ಫಲಕದಲ್ಲಿ ಇಂತಹ ಬಿಲ್ಲೆಯಿದೆ. 2016ರಿಂದ ನಮ್ಮ ದೇಶದ ಅನೇಕ ಶಾಲೆಗಳಲ್ಲಿ ಸ್ಥಾಪಿತವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿ ಇವೆರಡು ಸಾಧನಗಳನ್ನೂ ಕಾಣಬಹುದು.

‘ದೂರವು 100 ಸೆಂಟಿಮೀಟರಿಗಿಂತ ಕಡಿಮೆಯಾದರೆ ದೀಪವನ್ನು ಬೆಳಗಿಸು, ಇಲ್ಲವಾದರೆ ಆರಿಸು’ ಎಂದು ಬರೆದರೆ ಕೆಲಸ ಮುಗಿಯಿತೆಂದು ತೋರುತ್ತದೆ. ಆದರೆ ನಿಜವಾದ ಪರೀಕ್ಷೆ ಇಲ್ಲಿಂದಲೇ ಆರಂಭ. ಎದುರಿಗೆ ಏನೂ ಇಲ್ಲದಿದ್ದರೆ ಮಾರ್ದನಿ ಬರುವುದಿಲ್ಲ. ಆಗ ಗಣಕವು ಕಾಲವನ್ನು ಸೊನ್ನೆಯೆಂದು ಎಣಿಸುವುದುಂಟು. ಸೊನ್ನೆಯು ನೂರಕ್ಕಿಂತ ಕಡಿಮೆಯಷ್ಟೆ! ಯಾರೂ ಇಲ್ಲದ ಹಿತ್ತಲಿನಲ್ಲಿ ದೀಪವು ಉರಿಯುತ್ತಲೇ ಇರುತ್ತದೆ. ಆದುದರಿಂದ ಸೊನ್ನೆಯನ್ನು ‘ಯಾರೂ ಇಲ್ಲ’ ಎಂದೇ ತಿಳಿಯಬೇಕೆಂದು ಬೇರೆಯಾಗಿ ಬರೆಯಬೇಕು. ಇನ್ನು, ವ್ಯಕ್ತಿಯು ಸರಿಯಾಗಿ ಒಂದು ಮೀಟರಿನ ಅಂಚಿನಲ್ಲಿ ನಿಂತರೆ ದೀಪವು ಹತ್ತುತ್ತ ಆರುತ್ತ ಮಿನುಗುತ್ತದೆ. ಹತ್ತಿದ ದೀಪವು ಕಡೆಯ ಬಾರಿ ಮನುಷ್ಯನನ್ನು ಕಂಡ ಮೇಲೆ 20 ಸೆಕೆಂಡು ಉರಿಯಲೆಂದು ಗೊತ್ತುಪಡಿಸಿದರೆ ಈ ದೋಷ ನೀಗುತ್ತದೆ.

ಕೊಡಗಿನ ಚಳಿಗೆ ಕಂಬಳಿ ಹೊದ್ದು ಬರುವವರನ್ನೂ ನೆನೆಯಬೇಕು. ಕಂಬಳಿಯು ಶಬ್ದವನ್ನು ಹೀರುವುದರಿಂದ ಮಾರ್ದನಿ ಕ್ಷೀಣಿಸುತ್ತದೆ. ಬೆಳಕು ಯಾರಿಗೆ ಹೆಚ್ಚು ಬೇಕೋ ಅವರನ್ನೇ ದೀಪವು ಕಾಣದೆ ಹೋಗಬಹುದು. ಹೀಗಾಗಿ ಸಂವೇದಕವನ್ನು ಎಲ್ಲಿ, ಎಷ್ಟು ಎತ್ತರದಲ್ಲಿ ಇಡಬೇಕೆಂಬುದನ್ನು ಕಂಬಳಿ ಹೊದ್ದು ನಡೆದೇ ಪರೀಕ್ಷಿಸಬೇಕು. ಪ್ರಯೋಗಕ್ಕೆ ಬ್ಯಾಟರಿಯನ್ನೂ, ರೋಧಕವೊಂದರ ಮೂಲಕ ಜೋಡಿಸಿದ ಚಿಕ್ಕ ಎಲ್.ಇ.ಡಿ. ದೀಪವನ್ನೂ ಮಾತ್ರ ಬಳಸಬೇಕು. ಮನೆಯ 230 ವೋಲ್ಟ್ ತಂತಿಯನ್ನು ವಿದ್ಯಾರ್ಥಿಗಳು ಮುಟ್ಟಕೂಡದು.

ಯಂತ್ರಕ್ಕೆ ಅಜ್ಜಿ ಯಾರು, ಗೋಡೆ ಯಾವುದು, ದಾರಿಗೆ ಅಡ್ಡ ಬಂದ ಕರು ಯಾವುದು ಎಂಬ ವಿವೇಚನೆಯಿಲ್ಲ. ಅದು ಬಲ್ಲುದು ದೂರವೊಂದನ್ನೇ. ಉಳಿದ ವಿವೇಚನೆಯೆಲ್ಲ ಆಜ್ಞೆಯನ್ನು ಬರೆಯುವವರದು. ಮೆಟ್ಟಿಲು ಇಳಿಯುವವರ ಕಷ್ಟವನ್ನು ಮೊದಲೇ ಯೋಚಿಸಿ ಬರೆದವರ ದೀಪವೇ ಸಕಾಲದಲ್ಲಿ ಬೆಳಗುತ್ತದೆ.

ಅಭ್ಯಾಸ

1. ಬಾವಲಿಗೂ ಸಂವೇದಕಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
2. ಮಾರ್ದನಿಯು 0.004 ಸೆಕೆಂಡಿನಲ್ಲಿ ಮರಳಿದರೆ ವಸ್ತುವು ಎಷ್ಟು ದೂರದಲ್ಲಿದೆ?
3. ‘ಸೊನ್ನೆ’ಯನ್ನು ಬೇರೆಯಾಗಿ ಪರಿಗಣಿಸದಿದ್ದರೆ ಆಗುವ ತೊಂದರೆ ಏನು?
4. ‘ಉಳಿದ ವಿವೇಚನೆಯೆಲ್ಲ ಆಜ್ಞೆಯನ್ನು ಬರೆಯುವವರದು’ — ಈ ಮಾತಿನ ಔಚಿತ್ಯವನ್ನು ಸಮರ್ಥಿಸಿರಿ.