ಮರದ ಬುಡದಲ್ಲಿ ಆಗುವ ದುಂದು

ಕೆಲವು ತಿಂಗಳ ಹಿಂದೆ ಅಮ್ಮಸಂದ್ರದಲ್ಲಿ ಜುಮಾ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ತೆಂಗಿನ ತೋಟವಿರುವ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಮೌಲವಿ ಸಾಬ್, ಜಮೀನು ನನ್ನದು, ದುಡ್ಡು ನನ್ನದು. ಮರಕ್ಕೆ ಎರಡು ಹಿಡಿ ಯೂರಿಯಾ ಹೆಚ್ಚು ಹಾಕಿದರೆ ಅದೂ ಇಸ್ರಾಫ್ ಆಗುತ್ತದೆಯೇ?" ಹಿಂದಿನ ವಾರದ ಪ್ರವಚನದಲ್ಲಿ ನಾನು ಮದುವೆ ಊಟದ ದುಂದುವೆಚ್ಚದ ಬಗ್ಗೆ ಮಾತನಾಡಿದ್ದೆ. ಅವರ ಪ್ರಶ್ನೆಯಲ್ಲಿ ಸ್ವಲ್ಪ ಕುಚೋದ್ಯವೂ ಇತ್ತು. ಉತ್ತರ ಹೇಳಲು ನನಗೆ ಸಂಕೋಚವಾಯಿತು. ಏಕೆಂದರೆ ತಂದೆಯವರ ತೋಟದಲ್ಲಿ ನಾನೂ ವರ್ಷಗಟ್ಟಲೆ ಹಾಗೆಯೇ ಎರಚಿದ್ದೇನೆ. ಮೊದಲ ಮಳೆ ಬಿದ್ದ ಮರುದಿನ, ವರ್ಷದ ಗೊಬ್ಬರವೆಲ್ಲ ಒಂದೇ ಸಲ, ಕಣ್ಣಂದಾಜಿನಲ್ಲಿ.

ಸೂರಃ ಅಲ್ ಅನ್‌ಆಮ್‌ನ 141ನೆಯ ಸೂಕ್ತವು ತೋಟ, ಖರ್ಜೂರ ಮತ್ತು ಬೆಳೆಗಳನ್ನು ಹೆಸರಿಸಿ, ಕೊಯ್ಲಿನ ದಿನ ಅದರ ಹಕ್ಕನ್ನು ಸಲ್ಲಿಸಲು ಆಜ್ಞಾಪಿಸಿ, ಅದರ ಬೆನ್ನಿಗೇ ದುಂದನ್ನು ನಿಷೇಧಿಸುತ್ತದೆ. ಈ ನಿಷೇಧವನ್ನು ನಾವು ಅಡುಗೆಮನೆಗೂ ಮದುವೆ ಮಂಟಪಕ್ಕೂ ಸೀಮಿತಗೊಳಿಸಿಬಿಟ್ಟಿದ್ದೇವೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರಿನ ದುಂದು ದುಂದೇ ಎಂದು ಪ್ರವಾದಿವರ್ಯರು(ಸ) ಹಝ್ರತ್ ಸಅದ್(ರ)ರಿಗೆ ತಿಳಿಸಿದ ವರದಿ ಇಬ್ನು ಮಾಜಃದಲ್ಲಿದೆ. ಅದರ ಸನದ್‌ನ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಮಾತುಂಟು. ಆದರೆ ಆಶಯ ಸ್ಪಷ್ಟ. ವಸ್ತು ಹೇರಳವಾಗಿ ಸಿಗುತ್ತದೆ, ಅಗ್ಗವಾಗಿದೆ ಎಂಬುದು ಪೋಲು ಮಾಡಲು ಪರವಾನಗಿಯಲ್ಲ.

ಯೂರಿಯಾ ಅಗ್ಗವೇ? ಅಂಗಡಿಯಲ್ಲಿ ಅಗ್ಗ. ಬೆಲೆಯ ಬಹುಪಾಲನ್ನು ಸರಕಾರ ಸಹಾಯಧನದ ಮೂಲಕ ಹೊರುತ್ತದೆ, ಅಂದರೆ ಅದು ಸಾರ್ವಜನಿಕರ ಹಣ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ಜಾರಿಗೆ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. ಪೊಟ್ಯಾಷ್‌ನ ಬೆಲೆ ಏರಿತು, ಯೂರಿಯಾದ ಬೆಲೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ನಮ್ಮ ಕೈ ಸಹಜವಾಗಿಯೇ ಅಗ್ಗದ ಚೀಲದ ಕಡೆ ಹೋಯಿತು. ವಿಪರ್ಯಾಸವೆಂದರೆ ತೆಂಗು ಎಲ್ಲಕ್ಕಿಂತ ಹೆಚ್ಚಾಗಿ ಬೇಡುವುದು ಪೊಟ್ಯಾಷನ್ನು. ಫಸಲು ಕೊಡುವ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಎಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವುದರಿಂದ, ಬೇರೆ ಯಾವ ಸಾರಜನಕ ಗೊಬ್ಬರ ಹಾಕದಿದ್ದರೂ ಮರಕ್ಕೆ 1 ಕಿಲೋ 100 ಗ್ರಾಂ ಯೂರಿಯಾ ಸಾಕು. ರಂಜಕಕ್ಕಾಗಿ ಡಿಎಪಿ ಹಾಕುವವರಿಗೆ ಅದರಲ್ಲೇ ಸ್ವಲ್ಪ ಸಾರಜನಕ ಸಿಗುವುದರಿಂದ ಸುಮಾರು 800 ಗ್ರಾಂ ಸಾಕಾಗುತ್ತದೆ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಹಾಕಿದರೆ ಇನ್ನೂ ಕಡಿಮೆ.

ಹೆಚ್ಚಾದದ್ದು ಎಲ್ಲಿಗೆ ಹೋಗುತ್ತದೆ? ಮರ ಅದನ್ನು ಕೂಡಿಟ್ಟುಕೊಳ್ಳುವುದಿಲ್ಲ. ಮಣ್ಣಿನ ಮೇಲೆಯೇ ಬಿಟ್ಟರೆ ಒಂದಂಶ ಅಮೋನಿಯಾ ಆಗಿ ಹಾರಿಹೋಗುತ್ತದೆ. ಇನ್ನೊಂದಂಶ ನೈಟ್ರೇಟ್ ಆಗಿ, ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಮಳೆನೀರಿನೊಡನೆ ಕೆಳಕ್ಕಿಳಿದು ಬಾವಿ, ಬೋರ್‌ವೆಲ್ ಸೇರುತ್ತದೆ. ಸ್ವಲ್ಪ ಭಾಗ ಮಣ್ಣಿನ ಸೂಕ್ಷ್ಮಜೀವಿಗಳ ಮೂಲಕ ನೈಟ್ರಸ್ ಆಕ್ಸೈಡ್ ಅನಿಲವಾಗುತ್ತದೆ. ಚಿಮಣಿಯ ಹೊಗೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಹಾಕಿದ ಸಾರಜನಕದ ನೂರರಲ್ಲಿ ಒಂದು ಪಾಲು ಹೀಗಾಗುತ್ತದೆಂಬ ಅಂತಾರಾಷ್ಟ್ರೀಯ ಸಾಮಾನ್ಯ ಅಂದಾಜನ್ನು ಹಿಡಿದರೆ, ಶಿಫಾರಸಿನಷ್ಟೇ ಹಾಕಿದ 70 ಮರಗಳ ಒಂದು ಎಕರೆಯಿಂದ ವರ್ಷಕ್ಕೆ ಸುಮಾರು 150 ಕಿಲೋ ಇಂಗಾಲದ ಡೈ ಆಕ್ಸೈಡ್‌ಗೆ ಸಮನಾದ ತಾಪ. ಎರಡರಷ್ಟು ಹಾಕಿದರೆ ಕಾಯಿ ಎರಡರಷ್ಟಾಗದು, ಇದು ಮಾತ್ರ ಎರಡರಷ್ಟಾಗುತ್ತದೆ. ಗೊಬ್ಬರದ ಕಾರ್ಖಾನೆಯಲ್ಲಿ ಉರಿಯುವ ಇಂಧನ ಬೇರೆ. ನಮ್ಮ ರಾಜ್ಯದ ಪಣಂಬೂರಿನ ಕಾರ್ಖಾನೆ ಬಹುಕಾಲ ನಾಫ್ತಾದಿಂದಲೇ ಯೂರಿಯಾ ತಯಾರಿಸುತ್ತಿತ್ತು, ಬಳಿಕ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಎರಡೂ ನೆಲದಡಿಯ ಇಂಧನಗಳೇ.

ಮನೆಯ ತಾಯಂದಿರು ನೈಟ್ರೇಟಿನ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಆರು ತಿಂಗಳೊಳಗಿನ ಹಸುಳೆಗೆ ಅಂಥ ನೀರಿನಲ್ಲಿ ಹಾಲಿನಪುಡಿ ಕಲಸಿ ಕೊಟ್ಟರೆ ರಕ್ತವು ಆಮ್ಲಜನಕವನ್ನು ಹೊರಲಾರದೆ ಮಗು ನೀಲಿಗಟ್ಟುವ ಅಪಾಯವಿದೆ. ತಿಪ್ಪೆಯಿಂದ, ಪಾಯಿಖಾನೆಯ ಗುಂಡಿಯಿಂದಲೂ ನೈಟ್ರೇಟ್ ಬರುತ್ತದೆ, ಯೂರಿಯಾ ಒಂದನ್ನೇ ದೂರುವುದು ನ್ಯಾಯವಲ್ಲ. ಆದರೂ ತೋಟದ ನಡುವೆ ಬಾವಿಯಿರುವವರು ಒಮ್ಮೆ ನೀರನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬಾವಿ ನಮ್ಮದಾದರೂ ಅಂತರ್ಜಲಕ್ಕೆ ಬೇಲಿಯಿಲ್ಲ. "ಜಮೀನು ನನ್ನದು" ಎಂಬ ಹಿರಿಯರ ಮಾತಿಗೆ ನಾನು ಕೊಟ್ಟ ಉತ್ತರವೂ ಇದೇ. ನೆರೆಯವನ ಹಕ್ಕಿನ ಬಗ್ಗೆ ಷರೀಅತ್ ಎಷ್ಟು ಒತ್ತಿ ಹೇಳಿದೆಯೆಂದು ಅವರಿಗೆ ತಿಳಿಯದ್ದೇನಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಏನು ಮಾಡಲಿ?" ಎಂದರು. ಈ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ.

2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ. ಅದು ಸಾರಜನಕ ನೈಟ್ರೇಟ್ ಆಗುವುದನ್ನು ನಿಧಾನಿಸುತ್ತದೆ. ಆದರೆ ನಮ್ಮ ಕೈಯನ್ನು ನಿಧಾನಿಸುವುದಿಲ್ಲ. ಗೊಬ್ಬರವನ್ನು ಎರಡು ಕಂತಾಗಿ ಕೊಡಬೇಕು: ಮುಂಗಾರಿನಲ್ಲಿ ಮೂರನೇ ಒಂದು ಪಾಲು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಉಳಿದದ್ದು. ಬುಡಕ್ಕೆ ಸುರಿಯದೆ ಸುಮಾರು ಆರಡಿ ತ್ರಿಜ್ಯದ ಪಾತಿಯಲ್ಲಿ, ಅಂದರೆ ಕಾಂಡದಿಂದ ಆರಡಿಯವರೆಗೆ ಹರಡಿ ಮಣ್ಣು ಮುಚ್ಚಬೇಕು. ಜೋರು ಮಳೆಯ ಮುನ್ಸೂಚನೆ ಇರುವ ದಿನ ಬೇಡ. ಪಾತಿಯಲ್ಲಿ ಅಲಸಂದೆಯನ್ನೋ ಸೆಣಬನ್ನೋ ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ, ಬೇಲಿಯ ಗ್ಲಿರಿಸಿಡಿಯಾ ಸೊಪ್ಪು ಕಡಿದು ಹಾಕಿದರೆ, ಗಾಳಿಯ ಸಾರಜನಕವೇ ಬಿಟ್ಟಿಯಾಗಿ ಮರಕ್ಕೆ ದಕ್ಕುತ್ತದೆ. ಬಚ್ಚಲೊಲೆಯಲ್ಲಿ ಸೋಗೆ, ಮಟ್ಟೆ ಉರಿಸಿದ ಬೂದಿಯಲ್ಲಿ ಪೊಟ್ಯಾಷ್ ಇದೆ, ಅದನ್ನು ಪಾತಿಗೇ ಹಾಕಿ. ಆದರೆ ಯೂರಿಯಾದೊಂದಿಗೆ ಬೆರೆಸಿ ಹಾಕಬೇಡಿ. ಬೂದಿಯ ಕ್ಷಾರಕ್ಕೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನಾನು ಹೀಗೆಯೇ ಬೆರೆಸುತ್ತಿದ್ದೆ. ಮೂಗಿಗೆ ಹೊಡೆಯುತ್ತಿದ್ದ ಆ ಘಾಟು ಗೊಬ್ಬರದ ಶಕ್ತಿಯೆಂದೇ ತಿಳಿದಿದ್ದೆ.

ಕಣ್ಣಂದಾಜಿಗೆ ನಾನು ಕಂಡುಕೊಂಡ ಉಪಾಯ ಹಾಲಿನಪುಡಿಯ ಒಂದು ಹಳೆಯ ಡಬ್ಬಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 360 ಗ್ರಾಂ ಯೂರಿಯಾ ತೂಗಿಸಿ, ಡಬ್ಬಿಗೆ ಹಾಕಿ, ಅದು ನಿಂತ ಮಟ್ಟಕ್ಕೆ ಮೊಳೆಯಿಂದ ಗೆರೆ ಎಳೆದೆ. ಮುಂಗಾರಿಗೆ ಮರಕ್ಕೆ ಒಂದು ಅಳತೆ, ಹಿಂಗಾರಿಗೆ ಎರಡು. ಆ ಹಿರಿಯರು ಡಬ್ಬಿಯನ್ನು ಕೇಳಿ ಒಯ್ದಿದ್ದಾರೆ, ಇನ್ನೂ ಹಿಂದಿರುಗಿಸಿಲ್ಲ.